ನಲ್ಲಪ್ಪ ಕೇಳಿದ ಸುಣ್ಣ

ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದ ನಲ್ಲಪ್ಪ ಮನೆಗೆ ವಾಪಸು ಬಂದಾಗ ಆತನ ಬಾಯಲ್ಲಿ ಉಳಿದಿದ್ದದ್ದು ಒಂದೇ ಒಂದು ಮಾತು. ಸುಣ್ಣ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಅದು ಎಲ್ಲರ ಕಣ್ಣಿಗೂ ಕಾಣುವ ಕಷ್ಟ. ಆದರೆ ಎಪ್ಪತ್ತು ದಾಟಿದ ಮನುಷ್ಯ ಹೆಂಡತಿ, ಮಗ, ಸೊಸೆ, ನೀರು, ಅನ್ನ, ಮನೆದೇವರು ಇಷ್ಟನ್ನೂ ಕಳೆದುಕೊಂಡು ಸುಣ್ಣವನ್ನೊಂದೇ ನಾಲಗೆಯ ಮೇಲೆ ಇಟ್ಟುಕೊಂಡು ಬಂದದ್ದು ಏಕೆ ಎಂಬುದು ಹೆಂಡತಿ ರಾಮಮ್ಮನಿಗೆ ಬಗೆಹರಿಯಲಿಲ್ಲ. ಬಗೆಹರಿಯದ್ದನ್ನು ಅಲ್ಲಿಗೇ ಬಿಟ್ಟು ತೆಪ್ಪಗೆ ಕೂರುವ ಹೆಂಗಸೂ ಆಕೆಯಲ್ಲ.

ಆ ಮಾತನ್ನು ಮೊದಲು ಕೇಳಿಸಿಕೊಂಡವಳು ಐಸಿಯುವಿನ ನರ್ಸು, ಮಣಿಪುರದ ಹುಡುಗಿ. ಹೊರಗೆ ಬೆಂಚಿನ ಮೇಲೆ ಕೂತಿದ್ದ ರಾಮಮ್ಮನ ಹತ್ತಿರ ಬಂದು, ತಾತ ಒಂದೇ ಸಮ ಕೇಳುತ್ತಿದ್ದಾರೆ, ಸುಣ್ಣ ಅಂದರೇನು ಎಂದು ತನಗೆ ಬರುವಷ್ಟು ಕನ್ನಡದಲ್ಲಿ ವಿಚಾರಿಸಿದಳು. ರಾಮಮ್ಮ ಗೋಡೆ ತೋರಿಸಿದಳು. ಗೋಡೆಗಿದ್ದದ್ದು ತಿಳಿನೀಲಿ ಪೇಂಟು. ಆಮೇಲೆ ಎಲೆಯಡಿಕೆ ಜಗಿಯುವಂತೆ ಬಾಯಾಡಿಸಿ ತೋರಿಸಿದಳು. ಪಾಪ ಆ ಹುಡುಗಿ, ತಾತನಿಗೆ ಹಸಿವು ಎಂದುಕೊಂಡು ಒಳಗೆ ಹೋದಳು.

ಡಾಕ್ಟರು ಬಿಡಿಸಿ ಹೇಳಿದರು. ನಾವು ಆಡುವುದೆಲ್ಲ ನಲ್ಲಪ್ಪನಿಗೆ ತಿಳಿಯುತ್ತದೆ, ತಿರುಗಿ ಹೇಳುವ ದಾರಿ ಮಾತ್ರ ಕಟ್ಟಿಹೋಗಿದೆ. ಇಂಥವರಲ್ಲಿ ಕೆಲವರಿಗೆ ಒಂದೇ ಮಾತು ಉಳಿದುಕೊಳ್ಳುವುದುಂಟು, ಅದಕ್ಕೆ ಅರ್ಥ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

"ಅರ್ಥ ಇಲ್ದೆ ನಮ್ಮೆಜಮಾನ್ರು ಯಾವತ್ತೂ ಬಾಯಿ ಬಿಟ್ಟೋರಲ್ಲ ಸಾರ್" ಎಂದಳು ರಾಮಮ್ಮ.

ಅದು ಸುಳ್ಳಲ್ಲ. ಊರಿನ ನ್ಯಾಯಪಂಚಾಯ್ತಿಯಲ್ಲಿ ಎಲ್ಲರ ಗಂಟಲೂ ಒಣಗಿದ ಮೇಲೆ ಒಂದು ಹೂಂ, ಇಲ್ಲವೇ ಒಂದು ಊಹೂಂ ಹೇಳಿ, ಟವೆಲು ಕೊಡವಿಕೊಂಡು ಎದ್ದುಹೋಗುತ್ತಿದ್ದ ಆಸಾಮಿ ಆತ. ಅಂಥವನು ಈಗ ದಿನವಿಡೀ ಒಂದೇ ಮಾತು ಹೇಳುತ್ತಾನೆ, ಯಾರಿಗೂ ತಿಳಿಯದಿದ್ದರೆ ಎಡಗೈಯಿಂದ ಮಂಚ ಗುದ್ದುತ್ತಾನೆ, ಬಿಪಿ ಏರುತ್ತದೆ, ಮಗನೋ ಸೊಸೆಯೋ ಬಾಯಿಗಿಟ್ಟ ಚಮಚವನ್ನು ತಳ್ಳಿಬಿಡುತ್ತಾನೆ. ಮನೆಗೆ ಬಂದ ಮೇಲೆ ಮೈ ಇಳಿದು ಕತ್ತಿನ ಮೂಳೆ ಎದ್ದು ಕಂಡಿತು. ಹೀಗೇ ಹೊಟ್ಟೆಗೆ ತಗೊಳ್ಳದಿದ್ದರೆ ಮತ್ತೆ ಕರೆತನ್ನಿ, ಮೂಗಿನಲ್ಲಿ ಪೈಪು ಹಾಕಿ ಊಟ ಕೊಡಬೇಕಾಗುತ್ತದೆ, ಈ ವಯಸ್ಸಿನಲ್ಲಿ ಅದು ಒಳ್ಳೆಯದಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಆತ ಕೇಳುವುದನ್ನು ಹುಡುಕಿ ಕೊಟ್ಟುಬಿಟ್ಟರೆ ಮನಸ್ಸು ತಣ್ಣಗಾಗಿ ಊಟ ಸೇರುತ್ತದೆ ಎಂದು ರಾಮಮ್ಮ ಗಟ್ಟಿಯಾಗಿ ನಂಬಿದಳು. ಗಂಡನ ಪ್ರಾಣವೇ ಆ ಎರಡಕ್ಷರಕ್ಕೆ ನೇತುಬಿದ್ದಂತೆ ಆಕೆಗೆ ಅನ್ನಿಸುತ್ತಿತ್ತು.

ಆಕೆಯ ಹುಟ್ಟುಗುಣವೇ ಹಾಗೆ. ಚಿಕ್ಕವಳಾಗಿದ್ದಾಗ ಯಾರದೋ ಮದುವೆಯಲ್ಲಿ ಆರತಿ ತಟ್ಟೆಯ ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದೊಡನೆ ಅದು ಕೆಂಪಗಾದದ್ದನ್ನು ಕಂಡು, ಹಳದಿಗೆ ಬಿಳಿ ಸೇರಿದರೆ ಕೆಂಪು ಹೇಗಾಯ್ತು ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದಳು. ಬಾಯಿ ಮುಚ್ಚು ಎಂಬ ಉತ್ತರ ಸಿಕ್ಕಿತು. ಮನೆಗೆ ಬಂದು ಡಬ್ಬಿಯ ಅರಿಶಿನವನ್ನೆಲ್ಲ ಒಂದೊಂದು ಪದಾರ್ಥಕ್ಕೂ ಕಲಸಿ ನೋಡಿ ಅವ್ವನ ಕೈಲಿ ಏಟು ತಿಂದಳು. ಆಸ್ಪತ್ರೆಯಿಂದ ಬಂದ ಗಂಡನಿಗೆ ಅದೇ ಕೆಂಪು ನೀರು ನಿವಾಳಿಸಿ ಬೀದಿಗೆ ಚೆಲ್ಲಲು ಹೋದಾಗ ಬೆನ್ನ ಹಿಂದಿನಿಂದ ಆ ಮಾತು ಬಂತು. ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತ ಆಕೆ ಗೇಟಿನ ಬಳಿಯೇ ನಿಂತುಬಿಟ್ಟಳು.

ಮೊದಲು ಹೊಳೆದದ್ದು ಎಲೆಯಡಿಕೆ. ಡಾಕ್ಟರು ಅಡಿಕೆ ಮುಟ್ಟಬೇಡಿ ಎಂದಿದ್ದರಿಂದ ಎಳೆ ಎಲೆಯ ಚೂರಿಗೆ ಸುಣ್ಣ ಸವರಿ ತಂದಳು. ಆ ಊರಿನ ಕಡೆಯವರು ಸುಣ್ಣವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ ಹತ್ತುತ್ತದೆ ಎಂಬ ನಂಬಿಕೆ. ಎಲೆಗೋ ಕಂಬಕ್ಕೋ ಹಚ್ಚಿ ತೋರಿಸಬೇಕು. ಕಾಯಿಲೆ ಬಿದ್ದವನ ಜತೆ ಯಾವ ಜಗಳ ಎಂದು ಯೋಚಿಸದೆ ರಾಮಮ್ಮ ಶಾಸ್ತ್ರ ಪಾಲಿಸಿ ಎಲೆಯನ್ನೇ ಚಾಚಿದಳು. ನಲ್ಲಪ್ಪ ಎಲೆಯ ಕಡೆ ನೋಡಲಿಲ್ಲ, ಎಡಗೈಯಿಂದ ಆಕೆಯ ಮಣಿಕಟ್ಟು ಹಿಡಿದುಕೊಂಡ. ಬೇಡ ಅನ್ನುತ್ತಿದ್ದಾನೆ ಎಂದು ಆಕೆ ಕೈ ಬಿಡಿಸಿಕೊಂಡು ಅಡುಗೆಮನೆಗೆ ನಡೆದಳು. ಒಲೆಯ ಹತ್ತಿರ ಹೋಗುವಷ್ಟರಲ್ಲಿ ಮತ್ತೆ ಸುಣ್ಣ.

ಮಗ ಮುನಿರಾಜುವಿನ ಲೆಕ್ಕ ಬೇರೆ. ಅವರ ಮನೆ ಜಿಗಣಿಯ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಹಳ್ಳಿಯಲ್ಲಿ. ಹೊಲದ ಮಿಕ್ಕ ತುಂಡಿನಲ್ಲಿ ಈಗ ಗಿಣಿಹಸಿರು ಬಣ್ಣದ ಮೂರು ಅಂತಸ್ತು, ತುಂಬ ಬಾಡಿಗೆಯವರು. ಊರಿನ ಮುನೇಶ್ವರನ ಗುಡಿಗೂ ಹೋದ ವರ್ಷ ಮುನಿರಾಜುವೇ ಮುಂದೆ ನಿಂತು ಪಳಪಳ ಹೊಳೆಯುವ ಪೇಂಟು ಹೊಡೆಸಿದ್ದ. ಅಪ್ಪ ಆವತ್ತು ಊಹೂಂ ಅಂದಿದ್ದ, ತಾನು ಕೇಳಲಿಲ್ಲ, ಈಗ ದೇವರು ಮುನಿದಿದ್ದಾನೆ ಎಂದು ಅವನಿಗೆ ಒಳಗೊಳಗೇ ಪುಕಪುಕ. ಇದ್ದಕ್ಕಿದ್ದಂತೆ ಆಳುಗಳನ್ನು ಕರೆಸಿ, ಪೇಂಟು ಕೆರೆಸಿ, ಮೊದಲಿನಂತೆ ಸುಣ್ಣ ಹೊಡೆಸಲು ನಿಂತ. ರಾಮಮ್ಮನೂ ಹೋದಳು. ಸುಟ್ಟ ಸುಣ್ಣದ ಕಲ್ಲನ್ನು ಡ್ರಮ್ಮಿನ ತಣ್ಣೀರಿಗೆ ಹಾಕಿದಾಗ ಬೆಂಕಿಯಿಲ್ಲದೆ ನೀರು ಕೊತಕೊತ ಕುದಿಯುವುದನ್ನು ಎಷ್ಟು ಸಲ ನೋಡಿದ್ದರೂ ಆಕೆಗೆ ಸಾಕಾಗದು. ಬೆಳಗಿನ ಹೊತ್ತೆಲ್ಲ ಸೆರಗು ಮೂಗಿಗೆ ಹಿಡಿದು ಅಲ್ಲೇ ನಿಂತಿದ್ದಳು. ಗುಡಿ ಬೆಳ್ಳಗಾಯಿತು. ಫೋನಿನಲ್ಲಿ ಫೋಟೋ ತೆಗೆದು ಅಪ್ಪನಿಗೆ ತೋರಿಸಿದರೆ, ಆತ ಮಗನ ಮುಖವನ್ನೇ ದುರುಗುಟ್ಟಿ ನೋಡಿದ. ಅಷ್ಟಕ್ಕೇ ಬಿಡದ ಮುನಿರಾಜು, ಪಕ್ಕದ ಸೈಟಿನವರು ಸುಣ್ಣದ ಪುಡಿಯಲ್ಲಿ ಗಡಿ ಎಳೆದಾಗ ನಮ್ಮ ಕಡೆಗೆ ಒಂದಿಷ್ಟು ಒತ್ತಿಬಿಟ್ಟಿದ್ದಾರೇನೋ, ಅಪ್ಪನಿಗೆ ಅದು ಗೊತ್ತಿರಬೇಕು ಎಂದು ಟೇಪು ಹಿಡಿದು ಬಿಸಿಲಲ್ಲಿ ಅಳೆದು ಬಂದ. ಗಡಿ ನೆಟ್ಟಗೇ ಇತ್ತು.

ಸೊಸೆ ವೇಣಿ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವವಳು. ಸುಣ್ಣದ ಅಂಶ ಕಮ್ಮಿಯಾದರೆ ಮೂಳೆ ನೋಯುತ್ತದೆ ಎಂದು ಸ್ಕೂಲಿನಲ್ಲಿ ಓದಿದ್ದು ನೆನಪಾಗಿ, ಡಾಕ್ಟರನ್ನು ಕೇಳಿ ಕ್ಯಾಲ್ಸಿಯಂ ಮಾತ್ರೆ ತಂದಳು. ಅದೂ ನಾಟಲಿಲ್ಲ. ಇಂಗ್ಲಿಷಿನಲ್ಲಿ ಸುಣ್ಣಕ್ಕೆ ಲೈಮ್ ಎನ್ನುತ್ತಾರಲ್ಲ ಎಂದು ಫೋನಿನಲ್ಲಿ ಒತ್ತಿ ನೋಡಿದರೆ ಪರದೆಯ ತುಂಬ ಹಸಿರು ನಿಂಬೆಹಣ್ಣು. ಅತ್ತೆ ಸೊಸೆ ಇಬ್ಬರೂ ಬಹಳ ದಿನದ ಮೇಲೆ ನಕ್ಕರು. ಎಲ್ಲ ಬಿಟ್ಟು ಇದನ್ನು ಯಾಕೆ ಬಿಡಬೇಕೆಂದು ರಾಮಮ್ಮ ನಿಂಬೆ ಪಾನಕ ಮಾಡಿ ತಂದು ಪಕ್ಕದಲ್ಲಿ ಕೂತು ಚಮಚದಲ್ಲಿ ಕುಡಿಸಿದಳು. ಲೋಟ ಖಾಲಿಯಾಯಿತು. ಹಾಗಾದರೆ ಹುಳಿ ಬೇಕಾಗಿತ್ತೇನೋ ಎಂದು ಆಕೆ ಹುಣಸೆಹಣ್ಣು, ಬೆಟ್ಟದ ನೆಲ್ಲಿಕಾಯಿ ತರಲು ಸಂತೆಗೆ ಓಡಿದಳು. ಬರುವಷ್ಟರಲ್ಲಿ ಬೀದಿಗೆ ಕೇಳುವಂತೆ ಅದೇ ರಾಗ.

ಹಳೆಯ ಗೆಳೆಯ ಚಿಕ್ಕಬೈರಪ್ಪ ನೋಡಲು ಬಂದವನು ಬಾಗಿಲಲ್ಲೇ ಇತ್ಯರ್ಥ ಮಾಡಿಬಿಟ್ಟ. ಜಮೀನೆಲ್ಲ ಕಾರ್ಖಾನೆಗಳ ಪಾಲಾಗುವ ಮೊದಲು ನಲ್ಲಪ್ಪ ಮತ್ತು ಅವನು ರೇಷ್ಮೆಹುಳು ಮೇಯಿಸುತ್ತಿದ್ದವರು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ತಟ್ಟೆಯ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಬೇಕು, ಇಲ್ಲದಿದ್ದರೆ ಶೀತ ಹತ್ತಿ ರೋಗ ಬರುತ್ತದೆ.

"ನೋಡಕ್ಕ, ಊಟ ಬಿಟ್ಟು ಇಂಗೆ ಕುಂತವ್ನೆ ಅಂದ್ರೆ ಜ್ವರಕ್ಕೆ ಕುಂತವ್ನೆ ಅಂತ್ಲೇ ಲೆಕ್ಕ" ಎಂದ ಚಿಕ್ಕಬೈರಪ್ಪ. "ಆ ಹುಳದ ಮನೆ ನೆನೆಸ್ಕಂತಾವ್ನೆ."

ಹುಳದ ಮನೆಯನ್ನು ಈಗ ಬಾಡಿಗೆಯವರು ಸಾಮಾನು ತುಂಬಿಡುವ ಕೋಣೆ ಮಾಡಿಕೊಂಡಿದ್ದರು. ರಾಮಮ್ಮ ಬೀಗ ತೆಗೆಸಿ ಒಳಗೆ ಹೋದಳು. ಗೋಡೆಯ ಮೂಲೆಯಲ್ಲಿ ಹಳೆಯ ಸುಣ್ಣ ಹೆಪ್ಪುಗಟ್ಟಿತ್ತು. ತೆಳುಬಟ್ಟೆಯ ಗಂಟಿನಲ್ಲಿ ಪುಡಿ ಹಾಕಿಕೊಂಡು ಇಬ್ಬರೂ ತಟ್ಟೆಯಿಂದ ತಟ್ಟೆಗೆ ಉದುರಿಸುತ್ತ ಹೋಗುತ್ತಿದ್ದದ್ದು, ಬೆರಳ ಸಂದು ಬಿರಿದು ಸಾರಿನ ಖಾರ ತಾಗಿದರೆ ಉರಿಯುತ್ತಿದ್ದದ್ದು ನೆನಪಾಯಿತು. ಭೂಮಿ ಹೋಗಿ, ಹಿಪ್ಪುನೇರಳೆ ಹೋಗಿ, ಈ ಕೋಣೆಯಲ್ಲಿ ಕೆಲವು ಮೂಟೆ ಸುಣ್ಣ ಮಾತ್ರ ಮಿಕ್ಕಿದ್ದಾಗ, ಹೊಸದಾಗಿ ಎದ್ದ ಕಾರ್ಖಾನೆಯವನೊಬ್ಬ ಅದನ್ನೇ ಹುಡುಕಿಕೊಂಡು ಬಂದಿದ್ದ. ನಲ್ಲಪ್ಪ ಹೂಂ ಅಂದ. ಅಲ್ಲಿಂದ ಕಾರ್ಖಾನೆಗಳಿಗೆ ಸುಣ್ಣದ ಮೂಟೆ ಸಾಗಿಸುವುದೇ ಆತನ ಕಸುಬಾಯಿತು. ಅದರಲ್ಲಿ ದುಡಿದು ದುಡಿದು ಸುಣ್ಣವಾದ ಮೇಲೆಯೇ ಆ ಮೂರು ಅಂತಸ್ತು ಎದ್ದದ್ದು. ಇಷ್ಟು ವರ್ಷ ಆತನ ಅಂಗಿಯ ಸುಣ್ಣದ ಧೂಳು ಕೊಡವಿ ಒಗೆದವಳು ತಾನು. ಕಾರ್ಖಾನೆಯೊಳಗೆ ಹೋದ ಆ ಸುಣ್ಣ ಏನಾಗುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ಎಲ್ಲವನ್ನೂ ಕೇಳುವವಳು ಇದನ್ನೊಂದು ಕೇಳದೆ ಹೇಗೆ ಬಿಟ್ಟೆ ಎಂದು ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮಾರನೆಯ ದಿನವೇ, ಈಗ ಆ ಕಸುಬು ನೋಡಿಕೊಳ್ಳುತ್ತಿದ್ದ ಮುನಿರಾಜುವಿನ ಟೆಂಪೋದಲ್ಲಿ ಸುಣ್ಣದ ಮೂಟೆಗಳ ಪಕ್ಕ ಕೂತು ಹೊರಟಳು. ಉತ್ತರ ಕರ್ನಾಟಕದ ಈರೇಶ್ ಎಂಬಾತ ನಟ್ಟುಬೋಲ್ಟುಗಳಿಗೆ ಹೊಳಪು ಕೊಡುವ ಒಂದು ಕಾರ್ಖಾನೆಯಲ್ಲಿ ಕೊಳೆನೀರಿನ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದ. ನಲ್ಲಪ್ಪನನ್ನು ಕಂಡರೆ ಅವನಿಗೆ ಬಹಳ ಪ್ರೀತಿ. ಹಿಂದಿನ ವಾರ ನೋಡಲು ಬಂದಾಗ, ಯಜಮಾನರು ಮೂಟೆ ಇಳಿಸಿದ ಮೇಲೂ ತೊಟ್ಟಿಯ ಕಟ್ಟೆಯ ಮೇಲೆ ಕೂತು ನೀರು ನೋಡುತ್ತಿದ್ದರು, ಅದನ್ನೇ ನೆನೆಸಿಕೊಳ್ಳುತ್ತಿರಬೇಕು ಎಂದು ಹೇಳಿ ಹೋಗಿದ್ದ.

ಈರೇಶ್ ಆಕೆಯನ್ನು ಅದೇ ಕಟ್ಟೆಯ ಮೇಲೆ ಕೂರಿಸಿದ. ತೊಟ್ಟಿಯಲ್ಲಿ ಕೆಟ್ಟ ಹಳದಿ ನೀರು, ಮೂಗಿಗೆ ಅಡರುವ ಹುಳಿ ವಾಸನೆ. ನೀರಿನ ಹುಳಿ ಅಳೆಯುವ ಒಂದು ಚೂರು ಕಾಗದ ಅದ್ದಿ ತೋರಿಸಿದ, ಕೆಂಪಗಾಯಿತು. ಸುಣ್ಣದ ಹಾಲು ಬಿಟ್ಟು ತಿರುಗಿಸಿ ಇನ್ನೊಂದು ಚೂರು ಅದ್ದಿದ, ಹಸಿರಾಯಿತು. ನೀರಿನಲ್ಲಿದ್ದ ಕೊಳೆಯೆಲ್ಲ ಮೊಸರು ಒಡೆದಂತೆ ಗಂಟುಗಂಟಾಗಿ ನಿಧಾನಕ್ಕೆ ತಳ ಸೇರತೊಡಗಿತು, ಮೇಲಿನ ನೀರು ತಿಳಿಯಾಯಿತು. ರಾಮಮ್ಮ ಬಗ್ಗಿ ಬಗ್ಗಿ ನೋಡಿದಳು. ಯಾಕೆ ಹೀಗಾಗುತ್ತದೆ ಎಂದು ಕೇಳಿದಳು.

"ಎಷ್ಟ್ ಹಾಕ್ಬೇಕಂತ ಗೊತ್ತದ್ರೀ ಅಮ್ಮ, ಯಾಕಂತ ನಾ ಕೇಳೇ ಇಲ್ಲ" ಎಂದು ಈರೇಶ್ ನಕ್ಕ.

ಆಕೆಗೆ ಅವನ ಮೇಲೆ ಕನಿಕರ ಹುಟ್ಟಿತು. ಕೇಳದೆ ಹೇಗೆ ಇರುತ್ತಾರೋ ಈ ಜನ. ಇನ್ನೊಂದು ತೊಟ್ಟಿಯನ್ನೂ ನೋಡಿ, ಅರಿಶಿನ ಕೆಂಪಾಗುವ ಕಥೆಯನ್ನು ಅವನಿಗೂ ಹೇಳಿ, ಕೊನೆಗೆ ಆ ತಿಳಿನೀರನ್ನು ಗಂಡನಿಗೆ ತೋರಿಸಲೆಂದು ಒಂದು ಬಾಟಲಿಯಲ್ಲಿ ತುಂಬಿಸಿಕೊಂಡು ಹೊರಟಾಗ ಊಟದ ಹೊತ್ತು ಎಂದೋ ಮೀರಿತ್ತು. ಇದೇ ಇರಬೇಕು, ಇದೇ ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ತನ್ನ ಸುಣ್ಣ ಏನು ಮಾಡುತ್ತದೆ ನೋಡು ಎಂದು ತೋರಿಸುವ ಆಸೆ ಮನುಷ್ಯನಿಗೆ ಇರುವುದಿಲ್ಲವೇ.

ಮನೆಯಲ್ಲಿ ವೇಣಿ ಕೆಲಸಕ್ಕೆ ರಜೆ ಹಾಕಿ ಮಾವನ ಹತ್ತಿರ ಕೂತಿದ್ದವಳು ನಡುಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಜಿಯ ಬಟ್ಟಲು ಹಾಗೇ ಇತ್ತು, ನೆಲದ ಮೇಲೆ ಅರ್ಧ ಚೆಲ್ಲಿತ್ತು. ಬೆಳಗಿನಿಂದ ಒಂದು ತುತ್ತು ಹೋಗಿಲ್ಲ, ಕೂಗಿ ಕೂಗಿ ಗಂಟಲು ಕಟ್ಟಿದೆ, ಬಿಪಿ ಮೇಲೆ ಹೋಗಿದೆ, ಆಸ್ಪತ್ರೆಗೆ ಫೋನು ಮಾಡಿದ್ದಕ್ಕೆ ಸಂಜೆ ಕರೆತನ್ನಿ ಎಂದಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದಳು. ರಾಮಮ್ಮನ ಕೈಲಿದ್ದ ಬಾಟಲಿ ನೋಡಿ ಅವಳಿಗೆ ರೇಗಿಹೋಯಿತು. ಆದರೂ ಅತ್ತೆಯಲ್ಲವೇ, ತಡೆದುಕೊಂಡಳು.

"ಅತ್ತೆ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ಎದುರಿಗೆ ಇದ್ದಾಗ ಮಾವ ಒಂದ್ಸಲಾನಾದ್ರೂ ಸುಣ್ಣ ಅಂದಿದಾರಾ?"

ಯಾವಾಗಲೂ ಅನ್ನುತ್ತಾರಲ್ಲ ಎಂದು ಹೇಳಹೊರಟ ರಾಮಮ್ಮ ಒಂದೊಂದೇ ದಿನವನ್ನು ನೆನೆಸಿಕೊಂಡಳು. ಎದುರಿಗೆ ಅಂದದ್ದು ಒಂದೂ ನೆನಪಿಗೆ ಬರಲಿಲ್ಲ. ಬಾಟಲಿ ಕೆಳಗಿಟ್ಟು ಕೋಣೆಯೊಳಗೆ ಹೋಗಿ ಮಂಚದ ಪಕ್ಕ ಕೂತಳು. ನಲ್ಲಪ್ಪ ಆಕೆಯನ್ನು ನೋಡಿದ, ಏದುಸಿರು ನಿಧಾನವಾಗಿ ಇಳಿಯಿತು, ಬಾಯಿ ಬಿಡಲಿಲ್ಲ. ಎದ್ದು ಬಾಗಿಲಾಚೆ ಬಂದು ಗೋಡೆಗೆ ಒರಗಿ ನಿಂತಳು. ಒಳಗಿನಿಂದ ಕಟ್ಟಿದ ಗಂಟಲಲ್ಲಿ ಕೂಗು ಬಂತು, "ಸುಣ್ಣ."

ಇಷ್ಟು ದಿನ ಆಕೆ ಆ ಮಾತಿನ ಅರ್ಥಕ್ಕೆ ಕಿವಿ ಕೊಟ್ಟಿದ್ದಳು. ಈಗ ಮೊದಲ ಸಲ ಅದನ್ನು ಕೂಗುವ ದನಿಗೆ ಕಿವಿ ಕೊಟ್ಟಳು. ಮೊದಲಕ್ಷರವನ್ನು ಮೆಲ್ಲಗೆ ಹಿಡಿದು ಕೊನೆಯದನ್ನು ಅಡುಗೆಮನೆಯ ಕಡೆಗೆ ಎಳೆಯುವ ಆ ದನಿ ಆಕೆಗೆ ಗೊತ್ತಿತ್ತು.

ಮದುವೆಯಾಗಿ ಬಂದಾಗ ಅದು ತುಂಬಿದ ಮನೆ. ಅತ್ತೆ, ಮಾವ, ಭಾವಂದಿರು, ಓರಗಿತ್ತಿಯರು. ಹಿರಿಯರೆದುರಿಗೆ ಗಂಡ ಹೆಂಡತಿಯ ಹೆಸರು ಹಿಡಿಯುವಂತಿಲ್ಲ, ಬಾ ಎನ್ನುವಂತಿಲ್ಲ, ಹಗಲು ಹೊತ್ತು ಕಣ್ಣೆತ್ತಿ ನೋಡಿದರೂ ಅತ್ತೆಯ ಹುಬ್ಬು ಮೇಲೇರುತ್ತಿತ್ತು. ಊಟ ಮುಗಿಸಿದ ಗಂಡಸರು ಜಗುಲಿಗೆ ಹೋಗಿ ಎಲೆಯಡಿಕೆ ಹಾಕುವಾಗ ನಲ್ಲಪ್ಪ ಯಾರಿಗೂ ಅಲ್ಲವೆಂಬಂತೆ ಸುಣ್ಣ ಎಂದು ಕೂಗುತ್ತಿದ್ದ. ಅದನ್ನು ಒಯ್ದುಕೊಡುವುದು ಕಿರಿಸೊಸೆಯ ಕೆಲಸ. ದಿನಾ ಒಯ್ಯುತ್ತಿದ್ದಳು. ಒಂದು ದಿನ ನೋಡಿದರೆ ಆತನ ತೊಡೆಯ ಮೇಲಿದ್ದ ಎಲೆಗೆ ಆಗಲೇ ಸುಣ್ಣ ಬಳಿದು ಮಡಿಚಿಯಾಗಿತ್ತು, ಸಂಚಿಯಲ್ಲಿ ಡಬ್ಬಿಯೂ ತುಂಬಿತ್ತು. ರಾಮಮ್ಮ ಕೇಳದೆ ಬಿಡುವವಳೇ? ಅಂದು ಹಿತ್ತಿಲಲ್ಲಿ ಒಬ್ಬನೇ ಸಿಕ್ಕಾಗ, ಇದ್ದೂ ಯಾಕೆ ಕೇಳುತ್ತೀರಿ ಎಂದು ಕೇಳಿಯೇಬಿಟ್ಟಳು.

"ಇನ್ನೇನಂತ ಕರೀಲಿ ನಿನ್ನ?" ಅಂದಿದ್ದ ನಲ್ಲಪ್ಪ.

ಹುಟ್ಟಿದಂದಿನಿಂದ ಕೇಳಿದ್ದಕ್ಕೆಲ್ಲ ಬಾಯಿ ಮುಚ್ಚು ಎನ್ನಿಸಿಕೊಂಡಿದ್ದ ಹುಡುಗಿಗೆ ಸಿಕ್ಕ ಮೊದಲ ನೇರ ಉತ್ತರ ಅದು. ಆಮೇಲೆ ಅತ್ತೆ ಹೋದರು, ಮನೆ ಪಾಲಾಯಿತು, ನೆಪ ಬೇಕಿಲ್ಲವಾಯಿತು. ಎಲ್ಲಿದೀಯಾ ಆಯಿತು, ಏ ಇವಳೇ ಆಯಿತು, ಕೊನೆಗೆ ಮುನಿರಾಜನಮ್ಮ ಎಂಬಲ್ಲಿಗೆ ನಿಂತಿತು. ರಾಮಮ್ಮ ಆ ಉತ್ತರವನ್ನು ಮರೆತೇಬಿಟ್ಟಿದ್ದಳು. ಆತ ಒಬ್ಬಳನ್ನು ಕೂಗುತ್ತಿದ್ದ. ಆಕೆ ಆ ಕೂಗಿನ ಅರ್ಥ ಹುಡುಕಲು ಗುಡಿಗೆ, ಸಂತೆಗೆ, ಕಾರ್ಖಾನೆಗೆ ಓಡುತ್ತಿದ್ದಳು. ಓಡಿದಷ್ಟೂ ಆತ ಕೂಗುತ್ತಿದ್ದ. ಗೋಡೆಗೆ ಒರಗಿ ನಿಂತೇ ಆಕೆ ಅತ್ತಳು, ಮಧ್ಯೆ ಒಮ್ಮೆ ನಗುವೂ ಬಂತು.

ಹೊಸದಾಗಿ ಗಂಜಿ ಕಾಯಿಸಿ, ಮಂಚದ ಮೇಲೆ ಕಾಲು ಮಡಿಚಿ ಕೂತು ತಿನ್ನಿಸಿದಳು. ಬಟ್ಟಲು ಮುಗಿಯಿತು. ವೇಣಿ ಇನ್ನೊಮ್ಮೆ ಬಿಪಿ ನೋಡಿ, ಇಳಿಯುತ್ತಿದೆ ಎಂದು ಆಸ್ಪತ್ರೆಗೆ ತಿಳಿಸಿದಳು; ರಾತ್ರಿ ಊಟವೂ ಸೇರಿದರೆ ನಾಳೆ ಕರೆತಂದು ತೋರಿಸಿದರೆ ಸಾಕು ಎಂದರು. ಸಂಜೆಗೆ ಮುನಿರಾಜು ಹೊಸ ಸುದ್ದಿ ಹೊತ್ತು ಬಂದ. ಯಾರೋ ಹೇಳಿದರಂತೆ, ಹಳೆ ಬಾವಿಗೆ ಸುಣ್ಣ ಹಾಕಿ ನೀರು ತಿಳಿ ಮಾಡುವುದಾಗಿ ಅಪ್ಪ ಹರಕೆ ಹೊತ್ತಿರಬಹುದಂತೆ.

"ಬ್ಯಾಡ ಬಿಡಪ್ಪ, ಸಿಕ್ತು" ಎಂದಳು ರಾಮಮ್ಮ.

ಏನಮ್ಮ ಬೇಕಾಗಿತ್ತಂತೆ ಎಂದು ಮಗ ಕೇಳಿದ. ಅರವತ್ತೈದು ದಾಟಿದ ಹೆಂಗಸು ಮಗನ ಮುಂದೆ ಅದನ್ನು ಹೇಗೆ ತಾನೇ ಹೇಳುವುದು. ಮುಖ ಕೆಂಪಗಾಯಿತು, ಏನೋ ಒಂದು ಎಂದು ಸೆರಗು ಸರಿಮಾಡಿಕೊಂಡಳು. ವೇಣಿ ಗಂಡನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು.

ಅಂದಿನಿಂದ ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಅಕ್ಕಿ ಆರಿಸುವುದು ಎಲ್ಲವೂ ಮಂಚದ ಪಕ್ಕಕ್ಕೆ ಬಂದವು. ನಲ್ಲಪ್ಪ ನೋಡುತ್ತ ಮಲಗಿರುತ್ತಾನೆ, ಮಾತಿಲ್ಲ. ಒಂದು ಮಧ್ಯಾಹ್ನ ರಾಮಮ್ಮ ಕೆಲಸವೇನೂ ಇಲ್ಲದೆ ಎದ್ದು ಕೋಣೆಯಿಂದ ಹೊರಗೆ ಬಂದು ಬಾಗಿಲ ಮರೆಯಲ್ಲಿ ನಿಂತಳು. ಒಳಗಿನಿಂದ ಕೂಗು ಬಂತು. ಬಂದೆ ಎನ್ನಲು ಹೊರಟವಳು, ಇನ್ನೊಂದು ಸಲ ಕರೆಯಲಿ ಎಂದು ಅಲ್ಲೇ ನಿಂತಳು.